ಬಾಕ್ಸ್ ಮೇಲೆ ‘ಆಂಟಿ ಸ್ಕಿಡ್’ ಅಂತ ಬರೆದಿದ್ದರೆ ಸಾಕಾ? ಟೈಲ್ಸ್ ಕೊಳ್ಳುವ ಮುಂಚೆ ಕೇಳಬೇಕಾದ ನಂಬರ್ ಬೇರೆ ಇದೆ

ತೀರ್ಥಹಳ್ಳಿ: ಕಾಲು ಜಾರಿದರೂ ಮಾತು ಜಾರಬಾರದು ಅಂತ ಹಿರಿಯರು ಹೇಳುತ್ತಾರೆ. ಮಾತಿನ ಬೆಲೆ ತಿಳಿಸೋಕೆ ಹುಟ್ಟಿದ ಗಾದೆ ಅದು. ಆದರೆ ಎಪ್ಪತ್ತು ದಾಟಿದವರ ಪಾಲಿಗೆ ಕಾಲು ಜಾರೋದೂ ಸಣ್ಣ ವಿಷಯ ಅಲ್ಲ. ಬಚ್ಚಲಲ್ಲಿ ಒಂದು ಸಲ ಬಿದ್ದರೆ ಸೊಂಟದ ಮೂಳೆ, ಆಪರೇಷನ್, ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಓಡಾಟ, ಆಮೇಲೆ ತಿಂಗಳುಗಟ್ಟಲೆ ಮಂಚ. ಬಿದ್ದವರ ಜೊತೆ ಮನೆಯಲ್ಲಿ ಇನ್ನೊಬ್ಬರ ದುಡಿಮೆಯೂ ನಿಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 6.84 ಲಕ್ಷ ಜನ ಬಿದ್ದು ಸಾಯುತ್ತಿದ್ದಾರೆ. ಉದ್ದೇಶವಿಲ್ಲದೆ ಆಗುವ ಅವಘಡಗಳ ಸಾವಿನಲ್ಲಿ ರಸ್ತೆ ಅಪಘಾತ ಬಿಟ್ಟರೆ ಎರಡನೇ ದೊಡ್ಡ ಕಾರಣ ಇದೇ. ಈ ಸಾವುಗಳಲ್ಲಿ ಶೇ 80ಕ್ಕಿಂತ ಹೆಚ್ಚು ನಡೆಯೋದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಹೀಗೆ ಬಿದ್ದು ಸಾಯುವವರಲ್ಲಿ 60 ದಾಟಿದವರೇ ಹೆಚ್ಚು. ಎಲ್ಲರೂ ಟೈಲ್ಸ್ ಮೇಲೇ ಬಿದ್ದರು ಅಂತಲ್ಲ. ಆದರೆ ಒದ್ದೆ ನೆಲ ಇದರಲ್ಲಿ ನಾವು ಸರಿ ಮಾಡಬಹುದಾದ ಕಾರಣ.

ನಮ್ಮ ತಾಲೂಕಿಗೆ ಈ ಮಾತು ಇನ್ನೂ ಹತ್ತಿರದ್ದು. ಇಲ್ಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಗಲಿ, ಅಂಗಡಿ ಮೆಟ್ಟಿಲು, ಬ್ಯಾಂಕಿನ ಬಾಗಿಲು ಯಾವುದೂ ಸರಿಯಾಗಿ ಒಣಗಲ್ಲ. ಮಳೆಗಾಲದಲ್ಲಿ ಅಂಗಳ ಜಾರುತ್ತದೆ ಅಂತ ಅಡಿಕೆ ದಬ್ಬೆ ಹಾಕಿ ದಾರಿ ಮಾಡಿಕೊಳ್ಳುತ್ತಿದ್ದ ಊರು ಇದು. ಅಂಗಳಕ್ಕೆ ಅಷ್ಟು ಯೋಚನೆ ಮಾಡುವ ನಾವು ಮನೆ ಒಳಗೆ, ಅಂಗಡಿ ಮುಂದೆ ಹಾಕಿಸುವ ಟೈಲ್ಸ್ ವಿಷಯದಲ್ಲಿ ಮಾತ್ರ ಬಣ್ಣ, ಹೊಳಪು, ಅಡಿಗೆ ಎಷ್ಟು ರೇಟು ಅನ್ನೋದನ್ನೇ ನೋಡುತ್ತೇವೆ.

ಶೋರೂಮಿನಲ್ಲಿ ನೆಲ ಒಣಗಿರುತ್ತದೆ

ಸಮಸ್ಯೆ ಶುರುವಾಗೋದೇ ಅಲ್ಲಿ. ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬಂದ ಟೈಲ್ಸ್ ಶೋರೂಮಿನ ಲೈಟಿನಲ್ಲಿ ಫಳಫಳ ಹೊಳೆಯುತ್ತದೆ. ಗಿರಾಕಿ ಶೂ ಹಾಕಿಕೊಂಡು ಒಣ ನೆಲದ ಮೇಲೆ ನಿಂತು ನೋಡುತ್ತಾರೆ. ಒಣಗಿದ, ಶುಚಿಯಾದ ಟೈಲ್ಸ್ ಸಾಮಾನ್ಯವಾಗಿ ಜಾರಲ್ಲ, ಅದು ಎಷ್ಟೇ ನುಣುಪಾಗಿದ್ದರೂ. ಆದ್ದರಿಂದ ಅಲ್ಲಿ ನಿಂತು ನೋಡಿದರೆ ಏನೂ ಗೊತ್ತಾಗಲ್ಲ.

ಜಾರಿಸೋದು ನೆಲಕ್ಕೂ ಕಾಲಿಗೂ ನಡುವೆ ಸಿಕ್ಕಿಕೊಳ್ಳುವ ತೆಳು ನೀರಿನ ಪದರ. ಹಿಮ್ಮಡಿ ಊರುವ ಆ ಕ್ಷಣದಲ್ಲಿ ನೀರು ಪಕ್ಕಕ್ಕೆ ಸರಿದು ಜಾಗ ಬಿಡಬೇಕು. ಬಿಡದಿದ್ದರೆ ಚಪ್ಪಲಿ ಟೈಲ್ಸನ್ನು ಮುಟ್ಟೋದೇ ಇಲ್ಲ, ನೀರಿನ ಮೇಲೆ ತೇಲುತ್ತದೆ. ಟೈಲ್ಸ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುತಗ್ಗು ಇದ್ದರೆ ಆ ಉಬ್ಬುಗಳು ನೀರಿನ ಪದರ ಸೀಳಿಕೊಂಡು ಚಪ್ಪಲಿಯನ್ನು ಹಿಡಿಯುತ್ತವೆ.

ಎಷ್ಟು ಸಣ್ಣ? ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆಯ ಲೆಕ್ಕದಲ್ಲಿ ಬರೀ ನೀರು ಬೀಳುವ ಜಾಗಕ್ಕೆ ಕನಿಷ್ಠ 20 ಮೈಕ್ರಾನ್ ಉಬ್ಬುತಗ್ಗು ಬೇಕು. ನಮ್ಮ ತಲೆಕೂದಲಿನ ದಪ್ಪದ ಮೂರನೇ ಒಂದು ಭಾಗವೂ ಅಲ್ಲ ಅದು. ಆದರೆ ಬೀಳುವ ದ್ರವ ಮಂದವಾದಷ್ಟೂ ಒರಟುತನ ಹೆಚ್ಚು ಬೇಕು. ಸೋಪಿನ ನೀರು, ಹಾಲು ಚೆಲ್ಲುವಲ್ಲಿ 45 ಮೈಕ್ರಾನ್. ಎಣ್ಣೆ ಚೆಲ್ಲುವಲ್ಲಿ 70 ಮೈಕ್ರಾನ್. ಅಂದರೆ ಮನೆಯ ಬಾಲ್ಕನಿಗೆ ಸಾಕಾಗುವ ಟೈಲ್ಸ್ ಹಾಲಿನ ಡೇರಿಗೆ ಸಾಲದು. ಡೇರಿಗೆ ಸಾಕಾಗುವುದು ಬೋಂಡ ಕರಿಯುವ ಹೋಟೆಲ್ ಅಡುಗೆಮನೆಗೆ ಸಾಲದು. ‘ಆಂಟಿ ಸ್ಕಿಡ್’ ಅನ್ನುವ ಒಂದೇ ಪದ ಈ ಮೂರೂ ಜಾಗಕ್ಕೆ ಉತ್ತರ ಆಗೋಕೆ ಸಾಧ್ಯವೇ ಇಲ್ಲ.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಟೈಲ್ಸ್ ಮೇಲೆ ಗುಂಡುಗುಂಡಾಗಿ ಉಬ್ಬಿದ ಡಿಸೈನ್ ಇದ್ದರೆ ಜಾರಲ್ಲ ಅಂತ ಹಲವರು ನಂಬುತ್ತಾರೆ. ಆ ಉಬ್ಬಿನ ಮೇಲಿನ ಗ್ಲೇಜ್ ಗಾಜಿನ ಹಾಗೆ ನುಣ್ಣಗಿದ್ದರೆ ಅದೂ ಜಾರುತ್ತದೆ. ಮ್ಯಾಟ್ ಫಿನಿಶ್ ಅಂದ ಮಾತ್ರಕ್ಕೂ ಹಿಡಿತ ಇರಲೇಬೇಕೆಂದಿಲ್ಲ. ಹೊಳಪು ಇಲ್ಲ ಅನ್ನೋದು ಬೇರೆ, ಒದ್ದೆಯಲ್ಲಿ ಹಿಡಿಯುತ್ತದೆ ಅನ್ನೋದು ಬೇರೆ.

ಜಾರುತ್ತದೋ ಇಲ್ಲವೋ ಅಳೆಯೋದು ಹೇಗೆ?

ಜಗತ್ತಿನಲ್ಲಿ ಮುಖ್ಯವಾಗಿ ಮೂರು ರೀತಿಯ ಪರೀಕ್ಷೆ ಚಾಲ್ತಿಯಲ್ಲಿವೆ. ಟೈಲ್ಸ್ ಕಂಪನಿಗಳ ಕ್ಯಾಟಲಾಗ್‌ನಲ್ಲಿ ಕಾಣುವ ನಂಬರುಗಳು ಹೆಚ್ಚಾಗಿ ಇವುಗಳಿಂದಲೇ ಬಂದವು.

ಮೊದಲನೆಯದು ಜರ್ಮನಿಯ ಇಳಿಜಾರು ಪರೀಕ್ಷೆ, ಡಿಐಎನ್ 51130. ಟೈಲ್ಸ್ ಅಂಟಿಸಿದ ಹಲಗೆಗೆ ಮೋಟಾರ್ ಎಣ್ಣೆ ಸವರುತ್ತಾರೆ. ಬೀಳದ ಹಾಗೆ ಬೆಲ್ಟ್ ಕಟ್ಟಿಕೊಂಡ ಮನುಷ್ಯ ಸುರಕ್ಷತಾ ಶೂ ಹಾಕಿಕೊಂಡು ಅದರ ಮೇಲೆ ಹಿಂದೆ ಮುಂದೆ ನಡೆಯುತ್ತಾನೆ. ಹಲಗೆಯನ್ನು ನಿಧಾನಕ್ಕೆ ಜಾರಬಂಡೆಯ ಹಾಗೆ ಎತ್ತುತ್ತಾ ಹೋಗುತ್ತಾರೆ. ಇನ್ನು ಕಾಲು ನಿಲ್ಲಲ್ಲ ಅನ್ನಿಸುವ ಕೋನವೇ ಫಲಿತಾಂಶ. 6ರಿಂದ 10 ಡಿಗ್ರಿಯೊಳಗೆ ಜಾರಿದರೆ ಆರ್‌-9, 19ರವರೆಗೆ ಆರ್‌-10, 27ರವರೆಗೆ ಆರ್‌-11, 35ರವರೆಗೆ ಆರ್‌-12, ಅದಕ್ಕೂ ಮೇಲೆ ನಿಂತರೆ ಆರ್‌-13. ಬರಿಗಾಲಿಗೆ ಬೇರೆ ಪರೀಕ್ಷೆ ಇದೆ, ಡಿಐಎನ್ 51097. ಅದರಲ್ಲಿ ಎಣ್ಣೆ ಬದಲು ಸೋಪಿನ ನೀರು, ಶೂ ಬದಲು ಬರಿಗಾಲು. 12 ಡಿಗ್ರಿ ತಡೆದರೆ ಎ, 18 ತಡೆದರೆ ಬಿ, 24 ತಡೆದರೆ ಸಿ.

ಎರಡನೆಯದು ಲೋಲಕ ಪರೀಕ್ಷೆ. 1940ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಗಿ, ಬ್ರಿಟನ್ನಿನ ರಸ್ತೆ ಸಂಶೋಧನಾಲಯದಲ್ಲಿ ಸುಧಾರಿಸಿದ ಯಂತ್ರ ಇದು. ಗೋಡೆ ಗಡಿಯಾರದ ಲೋಲಕದ ಹಾಗೆ ಒಂದು ತೋಳು. ಅದರ ತುದಿಗೆ ಹಿಮ್ಮಡಿಯ ಬದಲು ರಬ್ಬರ್ ತುಂಡು. ನೆಲಕ್ಕೆ ನೀರು ಹಾಕಿ ತೋಳನ್ನು ಮೇಲಿಂದ ಬಿಡುತ್ತಾರೆ. ರಬ್ಬರು ಸುಮಾರು 12-13 ಸೆಂಟಿಮೀಟರ್ ನೆಲವನ್ನು ಸವರಿಕೊಂಡು ಆಚೆ ಹೋಗುತ್ತದೆ. ನೆಲ ಜಾರುವಂಥದ್ದಾದರೆ ತೋಳು ಆಚೆ ಬದಿ ಎತ್ತರಕ್ಕೆ ಏರುತ್ತದೆ, ಹಿಡಿತ ಇದ್ದರೆ ಅಲ್ಲೇ ನಿಧಾನ ಆಗುತ್ತದೆ. ಮುಳ್ಳು ತೋರಿಸುವ ಅಂಕಿಗೆ ಪಿಟಿವಿ ಅಂತ ಹೆಸರು. 24 ಅಥವಾ ಕಡಿಮೆ ಬಂದರೆ ಅಪಾಯ ಹೆಚ್ಚು, 25ರಿಂದ 35 ಮಧ್ಯಮ, 36ರಿಂದ ಮೇಲೆ ಅಪಾಯ ಕಡಿಮೆ.

ಈ ಅಂಕಿಗಳ ನಡುವಿನ ಅಂತರ ಸಣ್ಣದಾಗಿ ಕಾಣುತ್ತದೆ. ಆದರೆ ಬ್ರಿಟನ್ನಿನ ಲೆಕ್ಕದಲ್ಲಿ 36 ಇರುವ ಸಮತಟ್ಟು ನೆಲದಲ್ಲಿ ನೇರವಾಗಿ ನಡೆಯುವಾಗ ಜಾರುವ ಸಾಧ್ಯತೆ ಹತ್ತು ಲಕ್ಷದಲ್ಲಿ ಒಂದು. 24ಕ್ಕೆ ಇಳಿದರೆ ಇಪ್ಪತ್ತರಲ್ಲಿ ಒಂದು. ಬರೀ 12 ಅಂಕದ ವ್ಯತ್ಯಾಸಕ್ಕೆ ಇಷ್ಟು. ಇನ್ನೊಂದು ಅನುಕೂಲ ಅಂದರೆ, ಈ ಯಂತ್ರವನ್ನು ಹಾಕಿ ಮುಗಿದ ನೆಲದ ಮೇಲೂ ಇಟ್ಟು ಅಳೆಯಬಹುದು. ಇಳಿಜಾರು ಪರೀಕ್ಷೆ ಲ್ಯಾಬಿನಲ್ಲಿ, ಹೊಸ ಟೈಲ್ಸ್‌ಗೆ ಮಾತ್ರ ಆಗುವಂಥದ್ದು.

ಮೂರನೆಯದು ಅಮೆರಿಕದ ಡಿಸಿಒಎಫ್. ಒಂದು ಪುಟ್ಟ ಯಂತ್ರ ಒದ್ದೆ ಟೈಲ್ಸ್ ಮೇಲೆ ರಬ್ಬರನ್ನು ಎಳೆದುಕೊಂಡು ಓಡುತ್ತದೆ. ಒದ್ದೆಯಲ್ಲಿ ನಡೆಯಬೇಕಾದ ಒಳಾಂಗಣದ ಸಮತಟ್ಟು ನೆಲಕ್ಕೆ ಕನಿಷ್ಠ 0.42 ಬರಬೇಕು. ಸುಲಭವಾಗಿ ಹೇಳಬೇಕೆಂದರೆ 50 ಕೆಜಿ ಭಾರ ಜಾರುತ್ತಾ ಇರೋಕೆ ಸುಮಾರು 21 ಕೆಜಿಯಷ್ಟು ಬಲ ಬೇಕಾಗುವ ನೆಲ. ಹಿಂದೆ ಅಲ್ಲಿ ನಿಂತ ವಸ್ತು ಜಾರಲು ಶುರುವಾಗುವ ಬಲವನ್ನು ಅಳೆದು 0.60 ಇದ್ದರೆ ಸರಿ ಅನ್ನುತ್ತಿದ್ದರು. ಆದರೆ ಒದ್ದೆಯಾದ ನುಣುಪು ಟೈಲ್ಸ್‌ಗೆ ನಿಂತ ರಬ್ಬರ್ ಅಂಟಿಕೊಂಡು ಒಳ್ಳೇ ನಂಬರ್ ಬಂದುಬಿಡುತ್ತಿತ್ತು. ಮನುಷ್ಯ ಬೀಳೋದು ನಿಂತಾಗ ಅಲ್ಲ, ನಡೆಯುವಾಗ. ಹಾಗಾಗಿ 2012ರಲ್ಲಿ ಚಲಿಸುವಾಗಿನ ಅಳತೆಗೆ ಬದಲಾದರು, ಹಳೇ ಪರೀಕ್ಷೆಯನ್ನು 2014ರಲ್ಲಿ ಕೈಬಿಟ್ಟರು. ಯಾರಾದರೂ 0.60 ಅಂತ ಹಳೇ ಕಾಗದ ತೋರಿಸಿದರೆ ಹುಷಾರು.

ಆರ್‌-9 ಅಂದರೆ ಫಸ್ಟ್ ಕ್ಲಾಸ್ ಅಲ್ಲ

ಗಿರಾಕಿಗಳು ಮೋಸ ಹೋಗುವ ಜಾಗ ಇದು. ‘ಆರ್‌-9 ಸರ್ಟಿಫೈಡ್ ಆಂಟಿ ಸ್ಕಿಡ್’ ಅಂತ ಕೇಳಿದಾಗ ಹತ್ತಕ್ಕೆ ಒಂಬತ್ತು ಮಾರ್ಕ್ಸ್ ಬಂದ ಹಾಗೆ ಕಿವಿಗೆ ಬೀಳುತ್ತದೆ. ನಿಜ ಏನೆಂದರೆ ಈ ಪಟ್ಟಿ ಶುರುವಾಗೋದೇ ಒಂಬತ್ತರಿಂದ. ಆರ್‌-1, ಆರ್‌-2 ಅಂತ ಕೆಳಗೆ ಯಾವುದೂ ಇಲ್ಲ. ಆರ್‌-9 ಅಂದರೆ ಪಟ್ಟಿಯಲ್ಲಿ ಕೊನೆಯ ಬೆಂಚು. ಹೆಚ್ಚೆಂದರೆ 10 ಡಿಗ್ರಿ ಏರಿನವರೆಗೆ, ಅಂದರೆ ಸುಮಾರು ಆರು ಅಡಿಗೆ ಒಂದು ಅಡಿ ಏರು ಇರುವವರೆಗೆ ಮಾತ್ರ ನಿಂತ ಟೈಲ್ಸ್ ಅದು. ಆರ್‌-9, ಕೆಲವು ಸಲ ಆರ್‌-10 ನೆಲಗಳೂ ನೀರು ಬಿದ್ದಾಗ ಜಾರಬಹುದು ಅಂತ ಬ್ರಿಟನ್ನಿನ ಇಲಾಖೆಯೇ ಎಚ್ಚರಿಸಿದೆ.

ಜೊತೆಗೆ ಜಾರುವಿಕೆಗೆ ಸಂಬಂಧವೇ ಇಲ್ಲದ ನಂಬರುಗಳೂ ಮಾತಿನಲ್ಲಿ ಬೆರೆಯುತ್ತವೆ. ನೀರು ಹೀರುವ ಪ್ರಮಾಣ ಶೇ 0.5ಕ್ಕಿಂತ ಕಡಿಮೆ ಅಂದರೆ ಟೈಲ್ಸ್ ಗಟ್ಟಿ, ವಿಟ್ರಿಫೈಡ್ ಅಂತ ಅರ್ಥ. ಪಿಇಐ 4 ಅಂದರೆ ಗ್ಲೇಜ್ ಬೇಗ ಸವೆಯಲ್ಲ ಅಂತ ಅರ್ಥ. ಎರಡೂ ಒಳ್ಳೇ ಗುಣಗಳೇ. ಆದರೆ ಗಟ್ಟಿ ಟೈಲ್ಸ್ ಕೂಡ ಚೆನ್ನಾಗಿಯೇ ಜಾರಿಸುತ್ತದೆ. ಬಾಕ್ಸ್ ಮೇಲೆ ಐಎಸ್ಐ ಗುರುತು, ಐಎಸ್ 15622 ಇದೆಯಾ ನೋಡಿಕೊಳ್ಳೋದು ಸರಿ. ಆದರೆ ನಿಮ್ಮ ಬಚ್ಚಲಿಗೆ ಯಾವ ಗ್ರೇಡ್ ಬೇಕು ಅನ್ನೋದನ್ನು ಆ ಗುರುತು ಹೇಳಲ್ಲ. ಅದನ್ನು ನೀವೇ ಕೇಳಬೇಕು.

ಎಲ್ಲಿಗೆ ಯಾವುದು?

ಹಾಲ್, ಮಲಗುವ ಕೋಣೆ: ಒಣಗಿರುವ ಜಾಗ. ಆರ್‌-9 ಸಾಕು. ಹೊಳೆಯುವ ಟೈಲ್ಸ್ ಆಸೆ ಇದ್ದರೆ ಇಲ್ಲೇ ತೀರಿಸಿಕೊಳ್ಳಬಹುದು. ಹಿರಿಯರಿರುವ ಮನೆಯಾದರೆ ಇಲ್ಲೂ ಮ್ಯಾಟ್, ಆರ್‌-10 ವಾಸಿ.

ಅಡುಗೆಮನೆ: ನೀರು, ಎಣ್ಣೆ ಎರಡೂ ಬೀಳುವ ಜಾಗ. ಆರ್‌-10ಕ್ಕಿಂತ ಕಡಿಮೆ ಬೇಡ.

ಬಚ್ಚಲು: ಬರಿಗಾಲು, ಸೋಪು, ಶ್ಯಾಂಪೂ. ಬರಿಗಾಲಿನ ಪರೀಕ್ಷೆಯಲ್ಲಿ ಬಿ ದರ್ಜೆ ಕೇಳಿ. ಅದು ಸಿಗದಿದ್ದರೆ ಆರ್‌-11. ಇಲ್ಲಿ ಒಂದಡಿ ಅಳತೆಯ ಸಣ್ಣ ಟೈಲ್ಸ್ ಒಳ್ಳೇದು. ಸಂದುಗಳು ಹೆಚ್ಚಿದ್ದಷ್ಟೂ ಕಾಲಿಗೆ ಹಿಡಿತ, ನೀರು ಹೋಗೋಕೆ ದಾರಿ. ಎರಡು ಅಡಿಗೆ ನಾಲ್ಕು ಅಡಿಯ ದೊಡ್ಡ ಟೈಲ್ಸ್ ಹಾಕಿದರೆ ಮೇಸ್ತ್ರಿಗಳಿಗೆ ಸರಿಯಾಗಿ ವಾಟ ಕೊಡೋದೂ ಕಷ್ಟ. ವಾಟ ಸರಿ ಇಲ್ಲದೆ ನೀರು ನಿಂತರೆ ಎಂಥ ಟೈಲ್ಸ್ ಆದರೂ ಪಾಚಿ ಕಟ್ಟುತ್ತದೆ. ಮಿಕ್ಕಿದ ಗೋಡೆ ಟೈಲ್ಸನ್ನು ನೆಲಕ್ಕೆ ಹಾಕೋದಂತೂ ಬೇಡವೇ ಬೇಡ.

ಜಗಲಿ, ಹೊರಗಿನ ಮೆಟ್ಟಿಲು, ಪೋರ್ಟಿಕೊ: ಮಳೆ ಎರಚಲು ಬೀಳುವ ಜಾಗ. ಆರ್‌-11. ಮೆಟ್ಟಿಲಿನ ಅಂಚಿಗೆ ಗೀರು ಇರುವ ತುಂಡು ಹಾಕಿಸಿ.

ಹೋಟೆಲ್ ಅಡುಗೆಮನೆ, ಹಾಲಿನ ಡೇರಿ: ಆರ್‌-12.

ಹಾಗಂತ ಎಲ್ಲ ಕಡೆ ಒರಟು ಟೈಲ್ಸ್ ಹಾಕಿಸಿ ಅಂತಲ್ಲ. ಒರಟಾದಷ್ಟೂ ಕೊಳೆ ಕೂರುತ್ತದೆ, ಬ್ರಶ್ ಹಾಕಿ ಉಜ್ಜಬೇಕಾಗುತ್ತದೆ. ಮನೆಯ ಬಚ್ಚಲಿಗೆ ಆರ್‌-13 ತಂದರೆ ಅಂಗಾಲು ಉರಿಯುತ್ತದೆ, ಉಜ್ಜುವವರು ಶಾಪ ಹಾಕುತ್ತಾರೆ. ಜಾಗಕ್ಕೆ ತಕ್ಕ ನಂಬರ್ ಅಷ್ಟೇ ಬೇಕಾಗಿರೋದು.

ದುಡ್ಡಿನ ಲೆಕ್ಕ ನೋಡಿ. ಐದಕ್ಕೆ ಎಂಟು ಅಡಿಯ ಬಚ್ಚಲು ಅಂದರೆ 40 ಚದರ ಅಡಿ. ಒಳ್ಳೇ ಟೈಲ್ಸ್‌ಗೆ ಅಡಿಗೆ 20 ರೂಪಾಯಿ ಹೆಚ್ಚು ಅಂತಲೇ ಇಟ್ಟುಕೊಂಡರೂ 800 ರೂಪಾಯಿ. ಬಿದ್ದ ಮೇಲೆ ಶಿವಮೊಗ್ಗಕ್ಕೆ ಒಂದು ಸಲ ಬಾಡಿಗೆ ಕಾರು ಮಾಡಿದರೂ ಇದಕ್ಕಿಂತ ಹೆಚ್ಚು.

ಅಂಗಡಿಯವರು ನೋಡಬೇಕಾದದ್ದು

ಪೇಟೆಯಲ್ಲಿ ಅಂಗಡಿ ಮುಂದಿನ ಮೆಟ್ಟಿಲಿಗೆ ಪಾಲಿಶ್ ಗ್ರಾನೈಟ್ ಇಲ್ಲವೇ ಹೊಳೆಯುವ ವಿಟ್ರಿಫೈಡ್ ಹಾಕಿಸೋದು ರೂಢಿಯಾಗಿದೆ. ಗಿರಾಕಿ ಮಳೆಯಲ್ಲಿ ನೆನೆದು, ಒಂದು ಕೈಯಲ್ಲಿ ಕೊಡೆ ಮಡಚುತ್ತಾ, ಸವೆದ ಹವಾಯಿ ಚಪ್ಪಲಿಯಲ್ಲಿ ಆ ಮೆಟ್ಟಿಲು ಹತ್ತುತ್ತಾರೆ. ಜಾರೋಕೆ ಬೇಕಾದ ಎಲ್ಲವೂ ಒಂದೇ ಜಾಗದಲ್ಲಿ ಸೇರಿರುತ್ತದೆ.

ಗೋಣಿಚೀಲ ಹಾಸೋದು ನಮ್ಮೂರಿನ ಹಳೇ ಉಪಾಯ. ಆದರೆ ಒರಟು ಗಾರೆ ನೆಲದ ಮೇಲೆ ನಿಲ್ಲುತ್ತಿದ್ದ ಗೋಣಿ ಪಾಲಿಶ್ ನೆಲದ ಮೇಲೆ ತಾನೇ ಜಾರುತ್ತದೆ. ಅಡಿಗೆ ರಬ್ಬರ್ ಇರುವ ಮ್ಯಾಟ್ ಹಾಕಿ. ಬಾಗಿಲಿಂದ ಒಳಗೆ ಕನಿಷ್ಠ ನಾಲ್ಕೈದು ಹೆಜ್ಜೆ ಬರುವಷ್ಟು ಉದ್ದ ಇರಲಿ. ಒಂದೇ ಹೆಜ್ಜೆಯ ಮ್ಯಾಟ್‌ನಲ್ಲಿ ಚಪ್ಪಲಿ ಒಣಗಲ್ಲ.

ಹೊಸದಾಗಿ ಮೆಟ್ಟಿಲು ಮಾಡಿಸುವವರು ಗ್ರಾನೈಟೇ ಬೇಕೆಂದರೆ ಪಾಲಿಶ್ ಬಿಟ್ಟು, ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಫಿನಿಶ್ ಕೇಳಿ. ಕಲ್ಲು ಅದೇ, ಹಿಡಿತ ಬೇರೆ.

ನೆಲ ಒರೆಸುವ ರೀತಿಯೂ ಮುಖ್ಯ. ಸೋಪಿನ ಪುಡಿ ಜಾಸ್ತಿ ಹಾಕಿ, ಬರೀ ನೀರಿನಲ್ಲಿ ಮತ್ತೊಮ್ಮೆ ತೊಳೆಯದೆ ಬಿಟ್ಟರೆ ತೆಳು ಪದರ ಕೂರುತ್ತದೆ. ಮಳೆ ನೀರು ಬಿದ್ದಾಗ ಅದೇ ಪದರ ಮತ್ತೆ ಸೋಪಾಗುತ್ತದೆ. ಆರ್‌-11 ಟೈಲ್ಸ್ ಹಾಕಿಸಿ ಅದರ ಮೇಲೆ ಸೋಪಿನ ಪದರ ಬೆಳೆಸಿದರೆ ಕೊಟ್ಟ ದುಡ್ಡು ನೀರಿನಲ್ಲಿ ಹೋದ ಹಾಗೆ.

ಸರ್ಕಾರಿ ಕಟ್ಟಡಗಳ ಕತೆ

ಆಸ್ಪತ್ರೆ, ನಾಡಕಚೇರಿ, ಶಾಲೆಯ ಶೌಚಾಲಯ, ಬಸ್ ನಿಲ್ದಾಣ, ಇಲ್ಲೆಲ್ಲ ನಡೆಯುವವರಿಗೆ ನೆಲ ಆರಿಸುವ ಅವಕಾಶವೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಬಳಸಲು ಆಗುವಂತಿರಬೇಕು ಅನ್ನುತ್ತದೆ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯೂ ಜಾರದ ನೆಲ ಇರಬೇಕು ಅನ್ನುತ್ತದೆ. ಆದರೆ ಎಸ್ಟಿಮೇಟ್‌ನಲ್ಲಿ ಬರೀ ‘ಆಂಟಿ ಸ್ಕಿಡ್ ಟೈಲ್ಸ್’ ಅಂತ ಇದ್ದರೆ ಗುತ್ತಿಗೆದಾರರು ಆರ್‌-9 ತಂದು ಹಾಕಿದರೂ ಕಾಗದದ ಪ್ರಕಾರ ತಪ್ಪಿಲ್ಲ. ವೀಲ್‌ಚೇರ್ ರ‍್ಯಾಂಪಿಗೂ ಅದೇ ಟೈಲ್ಸ್ ಬಿದ್ದರೆ, ಯಾರಿಗಾಗಿ ಅದನ್ನು ಕಟ್ಟಿದರೋ ಅವರೇ ಅದರಲ್ಲಿ ಜಾರುತ್ತಾರೆ.

ಪರಿಹಾರಕ್ಕೆ ದೊಡ್ಡ ಯೋಜನೆ ಏನೂ ಬೇಡ. ಎಸ್ಟಿಮೇಟ್‌ನಲ್ಲಿ ಒಂದು ನಂಬರ್ ಬರೆಯಬೇಕು, ಬಿಲ್ ಪಾಸ್ ಮಾಡುವ ಮುಂಚೆ ಟೆಸ್ಟ್ ರಿಪೋರ್ಟ್ ಕೇಳಬೇಕು. ಗ್ರಾಮ ಪಂಚಾಯಿತಿ ಸದಸ್ಯರು, ಶಾಲಾಭಿವೃದ್ಧಿ ಸಮಿತಿಯವರು ಈ ಒಂದು ಪ್ರಶ್ನೆ ಕೇಳಿದರೆ ಸಾಕು. ಬೇರೆ ಯಾರೇ ಆದರೂ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಯಾವ ಟೈಲ್ಸ್, ಯಾವ ಗ್ರೇಡ್ ಅಂತ ಕೇಳಬಹುದು.

ಈಗಾಗಲೇ ಹಾಕಿಸಿ ಆಗಿದೆ, ಏನು ಮಾಡೋದು?

ಎಲ್ಲ ಕಿತ್ತು ಹಾಕಬೇಕಾಗಿಲ್ಲ. ಮೆಟ್ಟಿಲಿಗೆ ಮರಳುಕಾಗದದ ಹಾಗಿರುವ ಆಂಟಿ ಸ್ಲಿಪ್ ಟೇಪ್ ಅಂಟಿಸಬಹುದು, ಸವೆದಾಗ ಬದಲಿಸಬೇಕು ಅಷ್ಟೇ. ಬಚ್ಚಲಿಗೆ ಅಡಿಯಲ್ಲಿ ಹೀರುಬಟ್ಟಲು ಇರುವ ರಬ್ಬರ್ ಮ್ಯಾಟ್ ಹಾಕಿ, ವಾರಕ್ಕೊಮ್ಮೆ ಎತ್ತಿ ತೊಳೆಯಿರಿ. ಕಮೋಡ್ ಪಕ್ಕ, ಸ್ನಾನದ ಜಾಗದ ಪಕ್ಕ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ. ಹಿಡಿಕೆ ಟೈಲ್ಸ್‌ಗೆ ಅಂಟಿಸುವಂಥದ್ದು ಬೇಡ, ಗೋಡೆಗೆ ಸ್ಕ್ರೂ ಬಿಗಿದದ್ದು ಇರಲಿ.

ಟೈಲ್ಸ್ ಮೇಲ್ಮೈ ಒರಟು ಮಾಡುವ ರಾಸಾಯನಿಕಗಳೂ ಇವೆ. ಅವುಗಳಲ್ಲಿ ಕೆಲವು ಅಪಾಯಕಾರಿ ಆಸಿಡ್, ಗೊತ್ತಿದ್ದವರಿಂದಲೇ ಮಾಡಿಸಬೇಕು. ಅಂಗಡಿಯಲ್ಲಿ ಸಿಗುವ ಮಾಮೂಲಿ ಟಾಯ್ಲೆಟ್ ಆಸಿಡ್ ಸುರಿದರೆ ಟೈಲ್ಸ್ ಒರಟಾಗಲ್ಲ, ಸಂದಿನ ಸಿಮೆಂಟ್ ತಿಂದುಹೋಗುತ್ತದೆ. ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ವಿಷಗಾಳಿ ಬರುತ್ತದೆ.

ಬಿಲ್ ಮೇಲೆ ಬರೆಸಿಕೊಳ್ಳಿ

ಅಂಗಡಿಗೆ ಹೋದಾಗ ಕೇಳಬೇಕಾದ್ದು ಮೂರೇ ಮಾತು. ಇದರ ಆರ್ ನಂಬರ್ ಎಷ್ಟು, ಅಥವಾ ಒದ್ದೆಯಲ್ಲಿ ಪಿಟಿವಿ, ಡಿಸಿಒಎಫ್ ಎಷ್ಟು? ಅದು ಇದೇ ಡಿಸೈನ್, ಇದೇ ಫಿನಿಶ್‌ನ ರಿಪೋರ್ಟಾ? ಬಿಲ್ ಮೇಲೆ ಬರೆದುಕೊಡುತ್ತೀರಾ?

ನಂಬರ್ ಎಲ್ಲೂ ಸಿಗದಿದ್ದರೆ ಎರಡು ಮೂರು ಸ್ಯಾಂಪಲ್ ಕೆಳಗಿಟ್ಟು ಸೋಪಿನ ನೀರು ಹಾಕಿ, ನಿಮ್ಮದೇ ಚಪ್ಪಲಿ ಕೈಯಲ್ಲಿ ಹಿಡಿದು ಒತ್ತಿ ಜೋರಾಗಿ ತಳ್ಳಿ ನೋಡಿ. ಇದು ಪರೀಕ್ಷೆ ಅಲ್ಲ, ಯಾವುದು ಹೆಚ್ಚು ಜಾರುತ್ತದೆ ಅಂತ ಹೋಲಿಸೋಕೆ ಮಾತ್ರ. ಆದರೆ ತೀರಾ ಕೆಟ್ಟದ್ದು ಅಲ್ಲೇ ಗೊತ್ತಾಗುತ್ತದೆ.

ಬರೆದುಕೊಟ್ಟ ಗ್ರೇಡ್ ಸುಳ್ಳಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಸಾಮಾನಿಗೆ ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೂ ಇಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಬಹುದು. ಆದರೆ ಬಿಲ್ ಇಲ್ಲದೆ, ಬಾಯಿಮಾತಿನ ‘ಆಂಟಿ ಸ್ಕಿಡ್’ ಹಿಡಿದುಕೊಂಡು ಹೋದರೆ ವಾದ ನಿಲ್ಲೋದು ಕಷ್ಟ.

ಟೈಲ್ಸ್ ಅಂಗಡಿಯವರಿಗೂ ಇದರಲ್ಲಿ ನಷ್ಟ ಇಲ್ಲ. ಗಿರಾಕಿ ಕೇಳಿದರೆ ಅವರು ಡೀಲರನ್ನು ಕೇಳುತ್ತಾರೆ, ಡೀಲರ್ ಕಂಪನಿಯನ್ನು ಕೇಳುತ್ತಾರೆ. ಯಾರೂ ಕೇಳದ ಕಾರಣಕ್ಕೇ ಆ ನಂಬರ್ ಇನ್ನೂ ಕ್ಯಾಟಲಾಗ್‌ನ ಮೂಲೆಯಲ್ಲಿ ಉಳಿದಿರೋದು. ಮನೆ ಕಟ್ಟಿಸುವಾಗ ಟೈಲ್ಸ್ ಆರಿಸೋಕೆ ಹೋಗುವವರು ಸಾಮಾನ್ಯವಾಗಿ ಮಗ ಸೊಸೆ. ಬೆಳಗಿನ ಜಾವ ಐದಕ್ಕೆ ಲೈಟ್ ಹಾಕದೆ ಬಚ್ಚಲಿಗೆ ಹೋಗುವವರು ಅಜ್ಜ ಅಜ್ಜಿ. ಶೋರೂಮಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಬರೋಕೆ ಆಗದಿದ್ದರೆ ಸ್ಯಾಂಪಲ್ ಮನೆಗೆ ತಂದು, ಒದ್ದೆ ಮಾಡಿ ಅವರ ಕೈಗೆ ಕೊಟ್ಟು ಕೇಳಿ.